ಕಣ್ಣಿಗೆ ಕಾಣದ ಕಣ ಮತ್ತು ಗೃಹಸ್ಥನ ಹೊಣೆ

ಕಣ್ಣಿಗೆ ಕಾಣುವ ದೋಷವನ್ನು ಪರಿಹರಿಸಿಕೊಳ್ಳುವುದು ಸುಲಭ. ಕಾಣದ ದೋಷದ ವಿಷಯದಲ್ಲಿ ಮನುಷ್ಯನು ಎರಡು ಬಗೆಯಾಗಿ ದಾರಿ ತಪ್ಪುತ್ತಾನೆ. ಕಾಣದಿರುವುದರಿಂದ ಅದು ಇಲ್ಲವೆಂದೇ ನಿಶ್ಚಿಂತನಾಗಿರುವುದು ಒಂದು. ಯಾರೋ ಹೇಳಿದರೆಂದು ವಿಚಾರಿಸದೆ ಭಯಪಡುವುದು ಇನ್ನೊಂದು. ಜೀವಿಗಳ ದೇಹದೊಳಗೆ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳು ಸೇರಿಕೊಂಡಿವೆ ಎಂಬ ವಾರ್ತೆ ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಇದರಲ್ಲಿ ನಿಶ್ಚಿತವಾದುದೆಷ್ಟು, ಸಂದಿಗ್ಧವಾದುದೆಷ್ಟು, ಸಂದೇಹವಿರುವಾಗ ಗೃಹಸ್ಥನ ಕರ್ತವ್ಯವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಐದು ಮಿಲಿಮೀಟರಿಗಿಂತ ಕಿರಿದಾದ ಪ್ಲಾಸ್ಟಿಕ್ ತುಣುಕುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. 2004ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರದ ಸೂಕ್ಷ್ಮ ಕಣಗಳ ಬಗ್ಗೆ ಪ್ರಕಟಿಸಿದ ಲೇಖನದಿಂದ ಈ ವಿಷಯ ಪ್ರಸಿದ್ಧಿಗೆ ಬಂದಿತು. ಬಿಸಿಲಿಗೆ ಜೀರ್ಣವಾಗಿ ಒಡೆದ ಚೀಲ, ರಸ್ತೆಯಲ್ಲಿ ಸವೆಯುವ ಟೈರು, ಒಗೆಯುವಾಗ ಪಾಲಿಯೆಸ್ಟರ್ ಬಟ್ಟೆಯಿಂದ ಉದುರುವ ಎಳೆ ಇವೆಲ್ಲವೂ ಅದರ ಮೂಲಗಳೇ.

ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಪೇಂದ್ರ ನೊಂಗ್ತೊಂಬ ಅವರ ತಂಡವು ಕೃಷ್ಣರಾಜಸಾಗರದಲ್ಲಿ ವೇಗವಾಗಿ ಹರಿಯುವ, ಮಂದವಾಗಿ ಹರಿಯುವ ಮತ್ತು ನಿಂತ ನೀರಿರುವ ಮೂರು ಎಡೆಗಳಿಂದ ಕಾವೇರಿಯ ನೀರನ್ನು ಸಂಗ್ರಹಿಸಿ ಪರೀಕ್ಷಿಸಿತು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ಕೂ ಸೈಕ್ಲೋಹೆಕ್ಸೈಲ್ ಗುಂಪಿನ ರಾಸಾಯನಿಕಗಳೂ ಕಂಡುಬಂದವು. ಜೀಬ್ರಾ ಮೀನಿನ ಭ್ರೂಣಗಳನ್ನು ಆ ನೀರಿನಲ್ಲಿ ಬೆಳೆಸಿದಾಗ, ಮಂದ ಹಾಗೂ ನಿಂತ ನೀರಿನ ಭ್ರೂಣಗಳಲ್ಲಿ ಎಲುಬಿನ ವಿಕಾರ, ಹೃದಯಕ್ಕೆ ಹಾನಿ, ಅಕಾಲದಲ್ಲಿ ಜೀವಕೋಶಗಳ ನಾಶ ಕಾಣಿಸಿಕೊಂಡಿತು; ಸಾವೂ ಹೆಚ್ಚಿತು. ಸೂಕ್ಷ್ಮಜೀವಿಗಳನ್ನು ಶೋಧಿಸಿ ತೆಗೆದ ಮೇಲೂ ಫಲ ಅದೇ ಆಗಿತ್ತು. ಆದರೆ ಆ ನೀರಿನಲ್ಲಿ ಕಣವೂ ಇತ್ತು, ರಾಸಾಯನಿಕವೂ ಇತ್ತು. ಆದ್ದರಿಂದ ಇಡೀ ಅಪರಾಧವನ್ನು ಪ್ಲಾಸ್ಟಿಕ್ಕೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಇಂತಹ ಕಣವನ್ನು ಗುರುತಿಸುವುದು ಹೇಗೆ? ಮೀನಿನ ಅಥವಾ ಮನುಷ್ಯನ ಅಂಗಾಂಶವನ್ನು ಕ್ಷಾರದ್ರವದಲ್ಲಿಟ್ಟರೆ ಮಾಂಸ ಕರಗಿ ಪ್ಲಾಸ್ಟಿಕ್ ಬಹುಮಟ್ಟಿಗೆ ಉಳಿಯುತ್ತದೆ. ಅದನ್ನು ಸೋಸಿ, ಕಣದ ಮೇಲೆ ಲೇಸರ್ ಬೆಳಕನ್ನು ಹಾಯಿಸುತ್ತಾರೆ. ಚದುರಿದ ಬೆಳಕಿನಲ್ಲಾಗುವ ಬದಲಾವಣೆಯಿಂದ ಕಣವು ಯಾವ ವಸ್ತುವಿನದೆಂದು ತಿಳಿಯುತ್ತದೆ. 1928ರ ಫೆಬ್ರುವರಿ 28ರಂದು ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಕಂಡುಕೊಂಡ ಪರಿಣಾಮವೇ ಇದಕ್ಕೆ ಆಧಾರ. ಕೃಷ್ಣರಾಜಸಾಗರದ ಪರೀಕ್ಷೆಯಲ್ಲಿಯೂ ಬಳಕೆಯಾದುದು ಇದೇ ವಿಧಾನ.

ಆದರೆ ಈ ಪರೀಕ್ಷೆಗೂ ದೋಷಗಳುಂಟು. ಪರೀಕ್ಷಕನು ತೊಟ್ಟ ಕೃತಕ ನೂಲಿನ ಬಟ್ಟೆಯಿಂದಲೇ ಎಳೆಯೊಂದು ಉದುರಿ ಪಾತ್ರೆಯಲ್ಲಿ ಬೀಳಬಹುದು. ಕೈಗವಸಿಗೆ ಸವರಿದ ಲವಣವು ಪಾಲಿಥೀನಿನಂತೆ ತೋರಬಹುದು. ಮಾದರಿಯನ್ನು ಕಾಯಿಸಿ ಅದರ ಅನಿಲವನ್ನು ಅಳೆಯುವ ಬೇರೊಂದು ವಿಧಾನದಲ್ಲಿ ದೇಹದ ಕೊಬ್ಬೂ ಪಾಲಿಥೀನಿನ ಭ್ರಮೆಯನ್ನು ಉಂಟುಮಾಡಬಲ್ಲದು. ಆದ್ದರಿಂದಲೇ ಎಚ್ಚರವುಳ್ಳ ಪ್ರಯೋಗಶಾಲೆಗಳಲ್ಲಿ ಹತ್ತಿಯ ಅಂಗಿ ತೊಟ್ಟು, ಗಾಜಿನ ಪಾತ್ರೆ ಬಳಸಿ, ಏನನ್ನೂ ಹಾಕದ ಖಾಲಿ ಮಾದರಿಯೊಂದನ್ನೂ ಜೊತೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ವಸ್ತುವಿನ ಸೌಕ್ಷ್ಮ್ಯ, ವ್ಯವಧಾನ, ಸಾದೃಶ್ಯ ಮೊದಲಾದವು ಪ್ರತ್ಯಕ್ಷವನ್ನು ಕೆಡಿಸುವ ದೋಷಗಳೆಂದು ಶ್ರೀ ಜಯತೀರ್ಥರ 'ಪ್ರಮಾಣಪದ್ಧತಿ'ಯನ್ನು ಓದಿದವರು ಬಲ್ಲರು. ನಿರ್ದೋಷವಾದ ಇಂದ್ರಿಯವೇ ಪ್ರಮಾಣವೆಂದಾಗ, ಕಂಡುದನ್ನು ನಂಬುವ ಮೊದಲು ಕಾಣುವ ಸಾಧನವನ್ನು ಶೋಧಿಸಬೇಕೆಂಬ ಹೊಣೆ ತಾನಾಗಿ ಬರುತ್ತದೆ.

ಮನುಷ್ಯದೇಹದ ವಿಷಯದಲ್ಲಿ ಈ ವಿವೇಕ ಇನ್ನೂ ಅಗತ್ಯ. 2022ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 22 ಜನರ ರಕ್ತವನ್ನು ಪರೀಕ್ಷಿಸಿ 17 ಜನರಲ್ಲಿ ಪ್ಲಾಸ್ಟಿಕ್ ಇದೆಯೆಂದು ವರದಿ ಮಾಡಿದರು. 2024ರಲ್ಲಿ ಇಟಲಿಯ ವೈದ್ಯರು, ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೊಳಗಾದ 257 ರೋಗಿಗಳಲ್ಲಿ 150 ಜನರ ರಕ್ತನಾಳದ ಗೋಡೆಯ ಕೊಬ್ಬಿನ ಪದರದಲ್ಲಿ ಪಾಲಿಥೀನನ್ನು ಗುರುತಿಸಿದರು. ಕಣಗಳಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣ ಹೆಚ್ಚಾಗಿ ಸಂಭವಿಸಿತು. ಆದರೆ ಎರಡು ಸಂಗತಿಗಳು ಜೊತೆಯಾಗಿ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗದು. ಆ ವೈದ್ಯರೂ ಹಾಗೆ ಸಾಧಿಸಲಿಲ್ಲ.

ಹಾಗಾದರೆ, ಹಾನಿ ಸಿದ್ಧವಾಗುವವರೆಗೆ ಸುಮ್ಮನಿರಬಹುದೇ? ಇಲ್ಲಿಯೇ ನಿಜವಾದ ಧರ್ಮವಿಚಾರವಿದೆ. ಹಾನಿಯ ಪ್ರಮಾಣ ಎಷ್ಟೆಂಬಲ್ಲಿ ಸಂದೇಹವಿದೆ. ಕಣವು ಯಾರದೆಂಬಲ್ಲಿ ಸಂದೇಹವಿಲ್ಲ. ಪೂರ್ಣ ಕೃತಕವಾದ ಮೊದಲ ಪ್ಲಾಸ್ಟಿಕ್ಕಾದ ಬೇಕಲೈಟ್ ಹುಟ್ಟಿದ್ದು 1907ರಲ್ಲಿ. ಪಾಲಿಥೀನನ್ನು ನದಿಯೂ ಮರವೂ ಮಾಡಲಾರವು. ಮೀನಿನ ಉದರದಲ್ಲಿ ಅದು ದೊರೆತರೆ, ಮನುಷ್ಯನ ಕೈಯಿಂದಲೇ ಅಲ್ಲಿಗೆ ಹೋಯಿತೆಂಬ ಅನುಮಾನಕ್ಕೆ ಬಾಧಕವಿಲ್ಲ. ಬೇಡವೆನ್ನಲು ಬಾಯಿಲ್ಲದ ಜೀವಿಯ ದೇಹದೊಳಗೆ ನಮ್ಮ ವಸ್ತುವನ್ನು ಸೇರಿಸುವುದು, ಅದರಿಂದ ರೋಗ ಬಂದಿತೋ ಇಲ್ಲವೋ ಎಂದು ತಿಳಿಯುವ ಮೊದಲೇ, ಅತಿಕ್ರಮವಾಗುತ್ತದೆ. ನೆರೆಮನೆಯ ಬಾವಿಗೆ ಅಪರಿಚಿತವಾದ ಪುಡಿಯನ್ನು ಸುರಿದವನು ವಿಷವೆಂದು ಸಿದ್ಧವಾಗಲಿಲ್ಲವಲ್ಲ ಎಂದರೆ ನಾವು ಒಪ್ಪುವೆವೇ? ಪುಡಿ ನಿರಪಾಯಕರವೆಂದು ತೋರಿಸುವ ಭಾರ ಸುರಿದವನದು.

ಪ್ಲಾಸ್ಟಿಕ್ಕನ್ನು ಸಂಪೂರ್ಣವಾಗಿ ದೂಷಿಸುವುದೂ ಸರಿಯಲ್ಲ. ರಕ್ತದ ಚೀಲ, ಸಲೈನ್ ನಳಿಕೆ, ಸಿರಿಂಜು ಇವು ಜೀವರಕ್ಷಕಗಳು. ಅವಶ್ಯಕತೆಗಾಗಿ ಬಳಸುವುದಕ್ಕೂ ಐದು ನಿಮಿಷದ ಸೌಕರ್ಯಕ್ಕಾಗಿ ಬಳಸಿ ಎಸೆಯುವುದಕ್ಕೂ ಅಂತರವಿದೆ. ಖರಗ್‌ಪುರದ ಐಐಟಿಯ ಸಂಶೋಧಕರು ಕಂಡುಕೊಂಡಂತೆ, ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟದಲ್ಲಿ 100 ಮಿಲಿಲೀಟರ್ ಬಿಸಿದ್ರವವನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಕಣಗಳು ಬಿಡುಗಡೆಯಾಗುತ್ತವೆ. ಆ ಲೋಟ ಯಾರ ಜೀವವನ್ನೂ ಉಳಿಸುವುದಿಲ್ಲ; ಲೋಟ ತೊಳೆಯುವ ಶ್ರಮವನ್ನಷ್ಟೇ ಉಳಿಸುತ್ತದೆ.

'ನನ್ನೊಬ್ಬನಿಂದ ಏನಾದೀತು' ಎಂಬ ಆಕ್ಷೇಪ ಸಹಜ. ಉದ್ಯೋಗನಿಮಿತ್ತ ಪುಣೆಯಲ್ಲಿ ನೆಲೆಸಿದ ಕುಟುಂಬಗಳಿಗೆ ಇದರ ಉತ್ತರ ಬಹಳ ಹತ್ತಿರದಲ್ಲಿದೆ. ಶಿವಾಜಿನಗರದ ಸಮೀಪದಲ್ಲಿಯೇ ಮುಳಾ, ಮುಠಾ ನದಿಗಳು ಕೂಡುತ್ತವೆ. ಆ ನೀರು ಮುಂದೆ ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸುತ್ತದೆ. ಅಲ್ಲಿಂದ ವಿಜಯಪುರ, ಕಲಬುರಗಿಯ ಸೀಮೆಗಳಲ್ಲಿ ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಇಲ್ಲಿಯ ಮೋರಿಗೆ ಬಿದ್ದ ತುಣುಕು ದಾರಿಯಲ್ಲಿ ಎಲ್ಲಿಯೋ ತಂಗಬಹುದು, ಮುಂದೆ ಸಾಗಲೂಬಹುದು. ವಿಠ್ಠಲನ ದರ್ಶನಕ್ಕೆ ಹೋಗಿ ಸ್ನಾನಕ್ಕಿಳಿಯುವ ನೀರು, ಊರಿನಲ್ಲಿ ಹಿರಿಯರು ಹೊಲಕ್ಕೆ ಹಾಯಿಸುವ ನೀರು, ನಮ್ಮ ನಗರದಿಂದ ಹೋದದ್ದೇ.

ಮಹಾರಾಷ್ಟ್ರದಲ್ಲಿ 2018ರಲ್ಲಿಯೂ ದೇಶಾದ್ಯಂತ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದಿದೆ. ಕಾನೂನು ಅಂಗಡಿಯವರೆಗೆ ಬರಬಲ್ಲದು. ಅಡಿಗೆಮನೆಯೊಳಗಿನದು ಮನೆಯವರ ಸಂಕಲ್ಪ. ಮಡಿಗೆ ಹತ್ತಿ, ರೇಷ್ಮೆಗಳನ್ನು ಹೇಳಿದ ಪೂರ್ವಿಕರು ಈ ಕಣಗಳನ್ನು ಬಲ್ಲವರಾಗಿದ್ದರೆಂದು ಹೇಳುವುದು ಅತಿಶಯವಾದೀತು. ಆದರೆ ಕಣ್ಣಿಗೆ ಕಾಣದ ಅಶುದ್ಧಿಯ ಬಗ್ಗೆಯೂ ಎಚ್ಚರವಿರಬೇಕೆಂಬ ಅಭ್ಯಾಸವನ್ನು ಅವರು ನಮಗೆ ಬಿಟ್ಟುಹೋಗಿದ್ದಾರೆ. ಸಮಾರಾಧನೆಗೆ ಬಾಳೆಯೆಲೆ ಅಥವಾ ಮುತ್ತುಗದ ಎಲೆ, ನೀರಿಗೆ ಸ್ಟೀಲ್ ಲೋಟ, ಬಿಸಿ ಸಾರಿಗೆ ಸ್ಟೀಲ್ ಡಬ್ಬಿ, ಸಂತೆಗೆ ಬಟ್ಟೆಯ ಚೀಲ ಇವು ಯಾವ ಮನೆಗೂ ಹೊಸದಲ್ಲ. ತನ್ನ ಶುದ್ಧಿಗಾಗಿ ಇಷ್ಟು ಶ್ರಮಪಡುವ ಗೃಹಸ್ಥನು ತನ್ನಿಂದ ಹೊರಗೆ ಹೋಗುವ ನೀರಿನ ಶುದ್ಧಿಯನ್ನೂ ಆ ಶ್ರಮದಲ್ಲಿ ಸೇರಿಸಿಕೊಂಡಾಗಲೇ ಅದು ಪೂರ್ಣವಾಗುವುದೆಂದು ನಾವು ಭಾವಿಸುತ್ತೇವೆ.