ಇಂದಿನ ಧಮ್ಮ ಚಿಂತನೆ: ಯಾವ ಜನ್ಮದ ಕರ್ಮವೂ ಅಲ್ಲ



ಮಗುವಿಗೆ ಸಿಕಲ್ ಸೆಲ್ ಕಾಯಿಲೆ ಎಂದು ಗೊತ್ತಾದ ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, "ಯಾವ ಜನ್ಮದ ಕರ್ಮವೋ". ಇನ್ನೊಂದು, "ತಾಯಿ ಕಡೆಯಿಂದ ಬಂದದ್ದು". ನಮ್ಮವರ ಬಾಯಲ್ಲೂ ನಾನು ಇದನ್ನು ಕೇಳಿದ್ದೇನೆ. ವಿದರ್ಭದ ಬೌದ್ಧ ಕುಟುಂಬಗಳಲ್ಲಿ, ನಮ್ಮ ಚಾಮರಾಜನಗರ, ಮೈಸೂರು ಕಡೆಯ ಹಾಡಿಗಳಲ್ಲಿ ಈ ಕಾಯಿಲೆ ಇದೆ. ದೂರದ ವಿಷಯವಲ್ಲ.

ಕಾರಣವಿಲ್ಲದೆ ಏನೂ ಹುಟ್ಟುವುದಿಲ್ಲ ಎಂಬುದೇ ಪಟಿಚ್ಚಸಮುಪ್ಪಾದ. ಇಲ್ಲಿನ ಕಾರಣ ಏನು? ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿದೆ, ಅಷ್ಟೇ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಕಣಗಳೊಳಗಿನ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಯಾಗುತ್ತದೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ ಬಿರುಸಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಮೂಳೆ ನೋವೆಂದು ರಾತ್ರಿಯಿಡೀ ಅಳುವುದು ಇದರಿಂದ.

ಈ ಕೂಸುಗಳಿಗೆ ಹುಟ್ಟಿದ ಮೊದಲ ಕೆಲವು ತಿಂಗಳು ತೊಂದರೆ ಕಾಣುವುದಿಲ್ಲ. ಗರ್ಭದಲ್ಲಿದ್ದಾಗಿನ ಬೇರೆ ಬಗೆಯ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದೇ ಅದಕ್ಕೆ ಕಾರಣವಿರಬೇಕೆಂದು 1948ರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ ಹೇಳಿದರು. ಆ ಹಿಮೋಗ್ಲೋಬಿನ್ ಎಳೆ ಕಟ್ಟಲು ಬಿಡುವುದಿಲ್ಲ. ಹೈಡ್ರಾಕ್ಸಿಯೂರಿಯಾ ಮಾಡುವುದು ಅದನ್ನೇ: ದೇಹ ನಿಲ್ಲಿಸಿದ್ದ ಆ ಕೂಸಿನ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸುತ್ತದೆ. 1995ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವಯಸ್ಕರ ನೋವಿನ ಸಂಕಟಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ರೋಗ ಬುಡಸಮೇತ ಹೋಗುವುದಿಲ್ಲ, ಆಗಾಗ ರಕ್ತ ಪರೀಕ್ಷೆಯೂ ಬೇಕು. ಆದರೂ ಇದು ಸಣ್ಣ ಮಾತೇ?

ಹಿಂದಿನ ಜನ್ಮದ ಕರ್ಮದ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಬಡವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ತಪ್ಪಿಸಿಕೊಳ್ಳಲು ಅದೊಂದು ದಾರಿ ಎಂದು ಕಂಡವರು ಅವರು. ನನಗೆ ಪರಿಚಯದ ಒಬ್ಬ ತಾಯಿ ಹರಕೆ ಹೊತ್ತು ಮಗನ ಮಾತ್ರೆ ನಿಲ್ಲಿಸಿದ್ದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಊರೆಲ್ಲ ಸೇರಿ ಪಾಪವನ್ನು ಅವರ ಮಡಿಲಿಗೆ ಹಾಕಿತ್ತಲ್ಲ! "ಅಕ್ಕಾ, ನೀವು ಯಾವ ತಪ್ಪೂ ಮಾಡಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ಈ ಕಾಯಿಲೆ. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ" ಎಂದೆ. ಹೋದೆವು.

ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 2023ರಿಂದ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಜಾತಕ ಬಿಡಿ, ರಕ್ತ ಪರೀಕ್ಷೆ ಮಾಡಿಸಿ. ಗಂಡಿಗೂ, ಹೆಣ್ಣಿಗೂ.

ಜೈ ಭೀಮ್ 💙