ಗಾಯವಿಲ್ಲದ ನೋಟ

ದೇಹದೊಳಗಣ ವ್ಯಾಧಿಯನ್ನು ಅರಿಯುವುದಕ್ಕೆ ಬಹುಕಾಲದವರೆಗೆ ರೋಗಿಯ ಮಾತೇ ಮುಖ್ಯಾಧಾರವಾಗಿದ್ದಿತು. ಮಾನವಿಯ ಜಗನ್ನಾಥದಾಸರನ್ನು ಉದರಶೂಲೆಯು ಬಾಧಿಸಿತೆಂದು ಐತಿಹ್ಯವುಂಟು; ಅದರ ನೆಲೆಯನ್ನು ಕಣ್ಣಾರೆ ಕಾಣುವ ಉಪಾಯವು ಆ ಕಾಲದವರಿಗೆ ಇರಲಿಲ್ಲ. 1954ರಲ್ಲಿ ಹಾಪ್‌ಕಿನ್ಸ್ ಮತ್ತು ನರೀಂದರ್ ಸಿಂಗ್ ಕಪಾನಿ ಎಂಬ ವಿಜ್ಞಾನಿಗಳು, ಸೂಕ್ಷ್ಮವಾದ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. 1957ರಲ್ಲಿ ಹಿರ್ಷೋವಿಟ್ಸ್ ಎಂಬ ವೈದ್ಯರು ಅಂತಹ ಬಾಗುವ ನಳಿಕೆಯಿಂದ ಜಠರವನ್ನು ನೋಡಿದರು.

ಆದರೆ ಆಕಾರವನ್ನು ಕಂಡ ಮಾತ್ರಕ್ಕೆ ರೋಗವನ್ನು ಅರಿತಂತಾಗದು. ಸಂದೇಹ ಹುಟ್ಟಿಸಿದ ಭಾಗದಿಂದ ಚೂರನ್ನು ಕತ್ತರಿಸಿ, ಬಣ್ಣವೂಡಿ, ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದೇ ಇಂದಿಗೂ ರೂಢಿ. ಕತ್ತರಿಯನ್ನೂ ಬಣ್ಣವನ್ನೂ ಬಿಟ್ಟು ಬೆಳಕೊಂದರಿಂದಲೇ ಅದನ್ನು ತಿಳಿಯಬೇಕೆಂಬುದು ಈಗಿನ ಸಂಶೋಧಕರ ಯತ್ನ. 1928ರಲ್ಲಿ ಸರ್ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮವು ಇದಕ್ಕೊಂದು ದಾರಿ. ವಸ್ತುವಿನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು ಬಣ್ಣ ಬದಲಿಸಿ ಹೊರಬರುತ್ತದೆ. ಆ ಬದಲಾವಣೆಯು ಅಣುಗಳ ಗುಣವನ್ನು ಸೂಚಿಸುತ್ತದೆ. ಎಳೆಯಂತಹ ಶೋಧಕವನ್ನು ಒಳಗಿಳಿಸಿ ಈ ಕ್ಷೀಣವಾದ ಬೆಳಕನ್ನು ಓದಬಹುದು. ಈ ಸಾಧನಗಳು ಬಹುಮಟ್ಟಿಗೆ ಪ್ರಯೋಗದ ಹಂತದಲ್ಲಿಯೇ ಇವೆ.

ಇವು ಸಿದ್ಧಿಸಿದರೆ ಲಾಭವು ಅಲ್ಪವಲ್ಲ. ದೇವದುರ್ಗದ ಕಡೆಯ ಕೂಲಿಯವನು ಪರೀಕ್ಷೆಗೆಂದು ರಾಯಚೂರಿಗೆ ಬಂದು, ಫಲವನ್ನು ತಿಳಿಯಲು ಮತ್ತೊಮ್ಮೆ ಬರಬೇಕಾದರೆ, ಎರಡು ದಿನದ ಕೂಲಿಯನ್ನು ಕಳೆದುಕೊಳ್ಳುವನು. ಅದೇ ದಿನ ಉತ್ತರ ದೊರೆಯುವುದು ಅವನ ಪಾಲಿಗೆ ದೊಡ್ಡ ಉಪಕಾರವೇ ಸರಿ.

ಹೀಗಿದ್ದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಕತ್ತರಿಯು ಗಾಯ ಮಾಡುವುದರಿಂದ ವೈದ್ಯನು ಕೇಳಿಯೇ ಮುಂದುವರಿಯುವನು. ಬೆಳಕು ಗಾಯ ಮಾಡದು; ಹಾಗಾದರೆ ಕೇಳುವ ಮಾತೂ ಬಿಟ್ಟುಹೋಗಬಹುದೇ? ನಳಿಕೆಯನ್ನಿಳಿಸಲು ಒಮ್ಮೆ ಒಪ್ಪಿದವನಲ್ಲಿ ಮತ್ತೆ ಮತ್ತೆ ಕೇಳುವುದೇಕೆ, ರಕ್ತವಿಲ್ಲ, ನಷ್ಟವಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು.

ಆದರೆ ಅನುಮತಿಯ ಮೂಲವು ಗಾಯದಲ್ಲಿಲ್ಲ. ಬಾಗಿಲು ತೆರೆದಿದೆಯೆಂದು ಸಭ್ಯರಾರೂ ಪರರ ಅಡಿಗೆಮನೆಗೆ ನುಗ್ಗುವುದಿಲ್ಲ. ಹೊಸ್ತಿಲಲ್ಲಿ ನಿಂತು ಕೂಗುತ್ತಾರೆ. ಒಳಹೊಕ್ಕರೆ ಪಾತ್ರೆಯೊಡೆದೀತೆಂಬ ಭಯದಿಂದಲ್ಲ, ಮನೆಯು ಪರರದೆಂಬ ಅರಿವಿನಿಂದ. ಬೆಳಕು ಮಾಂಸದ ಚೂರನ್ನು ಒಯ್ಯದಿದ್ದರೂ ಆ ಮನುಷ್ಯನ ಮುಂದಿನ ದಿನಗಳ ವಾರ್ತೆಯನ್ನು ಒಯ್ಯುತ್ತದೆ. ಹುಣ್ಣನ್ನು ನೋಡಲು ಒಪ್ಪಿದವನು ತನ್ನೊಳಗಿನ ಸಮಸ್ತವನ್ನೂ ಓದಲು ಒಪ್ಪಿದಂತಾಗದು.

ಇನ್ನೊಂದು ಮಾತು. ಫಲಕ್ಕಾಗಿ ಕಾಯುವ ದಿನಗಳು ಕಷ್ಟದವೇ ಆದರೂ ಆ ಅವಧಿಯಲ್ಲಿ ಮನೆಯವರು ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತಾರೆ. ಯಂತ್ರವು ಆ ಬಿಡುವನ್ನು ಕಳೆದರೆ, ಅದನ್ನು ಮಾತಿನಿಂದ ತುಂಬಿಕೊಡುವುದು ವೈದ್ಯನ ಹೊಣೆ. ಏನನ್ನು ನೋಡುವೆನು, ಕಂಡುದನ್ನು ಯಾರೆದುರಿಗೆ, ಯಾವಾಗ ಹೇಳಬೇಕು ಎಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಮೊದಲೇ ಕೇಳಬೇಕು. ಗಾಯವಿಲ್ಲದ ಕಡೆ ನೋವೇ ಎಚ್ಚರಿಸಲಾರದು. ಆದುದರಿಂದ ಅಲ್ಲಿ ಧರ್ಮವೇ ಎಚ್ಚರವಾಗಿರತಕ್ಕದ್ದು.