ಉಳಿದ ಹೊತ್ತು ಯಾರ ಪಾಲಿಗೆ?

ಮುಂಬ್ರಾದಲ್ಲಿ ಮನೆ ಮಾಡಿದ ನಮಗೆ ವೇಗದ ಮೇಲೆ ಒಂದು ಹಳೆಯ ಮುನಿಸಿದೆ. ಠಾಣೆ ದಾಟಿದೊಡನೆ ಪಾರ್ಸಿಕ್ ಗುಡ್ಡ ಅಡ್ಡ ಬರುತ್ತದೆ. ಸ್ಲೋ ಗಾಡಿ ಕಳವಾ, ಮುಂಬ್ರಾ ಎಂದು ಖಾಡಿಯ ಬದಿಯಲ್ಲಿ ಗುಡ್ಡವನ್ನು ಬಳಸಿಕೊಂಡು ದಿವಾ ಸೇರುತ್ತದೆ. ಫಾಸ್ಟ್ ಗಾಡಿಗೆ ಅಷ್ಟು ವ್ಯವಧಾನವೆಲ್ಲಿ? 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗಕ್ಕೆ ನುಗ್ಗಿ ಅದು ಆಚೆ ಹೊರಬೀಳುತ್ತಿತ್ತು. ಡೊಂಬಿವಲಿ, ಕಲ್ಯಾಣದ ಬಾಂಧವರಿಗೆ ಕೆಲವು ನಿಮಿಷ ಉಳಿಯಿತು. ಮುಂಬ್ರಾ ಅವರ ದಾರಿಯಲ್ಲೇ ಇಲ್ಲದಂತಾಯಿತು. 2022ರ ಫೆಬ್ರವರಿಯಲ್ಲಿ ಹೊಸ ಹಳಿಗಳು ಬಂದ ಮೇಲೆ ಫಾಸ್ಟ್ ಲೋಕಲ್‌ಗಳೂ ನಮ್ಮೂರ ಹಾದಿ ಹಿಡಿದಿವೆ ಎನ್ನುವುದು ಬೇರೆ ಮಾತು.

ಈ ಮುನಿಸಿಗೂ ಕಾನ್ಕಾರ್ಡ್ ವಿಮಾನಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟಿದೆ. ಶಬ್ದದ ಎರಡು ಪಟ್ಟು ವೇಗದಲ್ಲಿ, ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಮೂರೂವರೆ ಗಂಟೆಯಲ್ಲಿ ಹಾರುತ್ತಿದ್ದ ಆ ವಿಮಾನ 1972ರಲ್ಲಿ ಪೂರ್ವದೇಶಗಳ ಪ್ರವಾಸದ ಹಾದಿಯಲ್ಲಿ ನಮ್ಮ ಮುಂಬಯಿಗೂ ಬಂದಿತ್ತು. ಏರ್ ಇಂಡಿಯಾ ಸಹ ಎರಡು ವಿಮಾನಗಳಿಗೆ ಹೆಸರು ಬರೆಸಿತ್ತು. ಕೊನೆಗೆ ಕೊಂಡವರು ಇಬ್ಬರೇ: ಕಟ್ಟಿದ ಎರಡು ದೇಶಗಳ ಸ್ವಂತ ವಿಮಾನ ಕಂಪನಿಗಳು. 1976ರಲ್ಲಿ ಆರಂಭವಾದ ಸೇವೆಗೆ ಇಳಿದವು ಒಟ್ಟು 14. ಇನ್ನೂರು ಮುನ್ನೂರು ಮಾರಿದರೆ ಹಾಕಿದ ಬಂಡವಾಳ ಹಿಂದಿರುಗೀತೆಂದು ಲೆಕ್ಕ ಹಾಕಿದವರ ಗತಿ ಹೀಗಾಯಿತು.

ಕಾರಣಗಳು ಗುಟ್ಟಿನವಲ್ಲ. ನೂರು ಜನರನ್ನು ಕೂರಿಸಿ ಅಟ್ಲಾಂಟಿಕ್ ದಾಟಿಸಲು ತಲೆಗೆ ಹೆಚ್ಚುಕಡಿಮೆ ಒಂದು ಟನ್ ಇಂಧನ ಸುಡಬೇಕು. 1973ರ ಜನವರಿಯಲ್ಲಿ ಅಮೆರಿಕದ ಪ್ಯಾನ್ ಆಮ್, ಟಿಡಬ್ಲ್ಯುಎ ಕಂಪನಿಗಳು ಹಿಂಜರಿದವು. ಅದೇ ವರ್ಷದ ಕೊನೆಗೆ ತೈಲದ ಬೆಲೆ ಏರಿತು. ಅಷ್ಟರಲ್ಲಿ ಜಂಬೋ ಜೆಟ್ ಬಂದಿತ್ತು. ನಿಧಾನ ನಿಜ, ಆದರೆ ಒಮ್ಮೆಗೆ ಮುನ್ನೂರು ನಾನ್ನೂರು ಜನ. ನಮ್ಮವರ ಮಕ್ಕಳು ಸಾಲ ಮಾಡಿಯಾದರೂ ಅಮೆರಿಕ ಕಂಡದ್ದು ಆ ಬಗೆಯ ವಿಮಾನಗಳಲ್ಲಿ.

ಆದರೆ ನಮ್ಮನ್ನು ಯೋಚನೆಗೆ ಹಚ್ಚಿದ್ದು ಇಂಧನವಲ್ಲ, ಸದ್ದು. ಶಬ್ದಕ್ಕಿಂತ ವೇಗವಾಗಿ ಸಾಗುವ ವಿಮಾನ ತನ್ನ ಹಾದಿಯುದ್ದಕ್ಕೂ ಗುಡುಗಿನಂಥ ಹೊಡೆತವನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ತಡೆ ಒಡೆಯುವಾಗ ಒಮ್ಮೆ ಮಾತ್ರ ಕೇಳುವ ಸದ್ದು ಅದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಹಾರುವಷ್ಟು ದೂರವೂ ಕೆಳಗಿನ ಊರೂರಿಗೂ ಅದು ಬಡಿಯುತ್ತದೆ. ಅಮೆರಿಕದ ಒಕ್ಲಹೋಮ ನಗರದ ಮೇಲೆ 1964ರಲ್ಲಿ ಆರು ತಿಂಗಳು ಇದನ್ನು ಪರೀಕ್ಷಿಸಿ ನೋಡಿದರು. ಜನ ದೂರು ಕೊಟ್ಟರು, ನಷ್ಟ ಕೇಳಿದರು. 1973ರಲ್ಲಿ ಆ ದೇಶ ನೆಲದ ಮೇಲೆ ಇಂಥ ಹಾರಾಟವನ್ನೇ ನಿಷೇಧಿಸಿತು. ನಮ್ಮ ಭಾರತವೂ ತನ್ನ ಆಕಾಶದಲ್ಲಿ ಆ ವೇಗಕ್ಕೆ ಒಪ್ಪಲಿಲ್ಲ. ಬಹರೈನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಕಾನ್ಕಾರ್ಡ್ 1980ರಲ್ಲಿ ನಿಂತುಹೋಗಲು ಅದೂ ಒಂದು ಕಾರಣ. ಸಮುದ್ರದ ಮೇಲಷ್ಟೇ ಓಡಬಲ್ಲ ವಿಮಾನಕ್ಕೆ ದಾರಿಗಳೆಷ್ಟು?

ಮೇಲೆ ಹಾರುವವನು ಮೂರು ಗಂಟೆ ಉಳಿಸುತ್ತಾನೆ, ಟಿಕೆಟ್ಟಿನ ದುಡ್ಡೂ ಕೊಡುತ್ತಾನೆ. ಕೆಳಗೆ ತೊಟ್ಟಿಲಲ್ಲಿ ಬೆಚ್ಚಿಬಿದ್ದ ಮಗುವಿನ ನಿದ್ದೆ ಯಾವ ಟಿಕೆಟ್ಟಿನಲ್ಲಿ ಸೇರಿದೆ? ಬ್ರಿಟಿಷ್ ಏರ್‌ವೇಸ್ 1980ರ ದಶಕದಲ್ಲಿ ಕಾನ್ಕಾರ್ಡಿನಿಂದ ಲಾಭವನ್ನೂ ಕಂಡಿತು, ಇಲ್ಲವೆನ್ನಲಾಗದು. ಆದರೆ ಕಟ್ಟಿದ ವೆಚ್ಚವನ್ನು ಹೊತ್ತವರು ಎಂದೂ ಅದನ್ನು ಹತ್ತದ ಬ್ರಿಟನ್, ಫ್ರಾನ್ಸಿನ ತೆರಿಗೆದಾರರು.

ಹಾಗೆಂದು ನಾವು ವೇಗವನ್ನು ಹಳಿದರೆ ಅದು ಬೂಟಾಟಿಕೆಯಾದೀತು. ಊರಿನಿಂದ ತಂತಿ ಬಂದ ರಾತ್ರಿಗಳನ್ನು ಪರಸ್ಥಳದಲ್ಲಿ ಬದುಕಿದವರೆಲ್ಲ ಬಲ್ಲರು. ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ಒಂದು ಹಗಲು ಒಂದು ಇರುಳು ಕುಳಿತು ಮಂಗಳೂರು ಮುಟ್ಟುವಷ್ಟರಲ್ಲಿ ಮುಖ ನೋಡುವ ಯೋಗ ತಪ್ಪಿಹೋದವರು ನಮ್ಮಲ್ಲೇ ಇದ್ದಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ನಾವು ಕೈ ಮುಗಿದದ್ದು ವೇಗಕ್ಕೇ. ಅಲ್ಲಿಯೂ ಯಾರದೋ ತೋಟ, ಗದ್ದೆ ಹೋಯಿತು. ಅದನ್ನು ಆಗ ನಾವು ಕೇಳಲಿಲ್ಲ.

ಹಾಗಾದರೆ ಸರಿಯಾದ ವೇಗಕ್ಕೂ ತಪ್ಪು ವೇಗಕ್ಕೂ ಗೆರೆ ಎಲ್ಲಿ? ಅವಸರ ಯಾರಿಗೆ ನಿಜವಾಗಿ ಇದೆಯೋ ಅವರಿಗೆ ವೇಗ ಸಿಗಬೇಕು ಎನ್ನೋಣವೆಂದರೆ ಬಜಾರು ಅವಸರವನ್ನು ಕಾಣುವುದಿಲ್ಲ, ಜೇಬನ್ನು ಕಾಣುತ್ತದೆ. ಕಾನ್ಕಾರ್ಡ್ ಹುಟ್ಟಿದ್ದು ಯಾರ ಹೊತ್ತಿಗೆ ಬೆಲೆ ಹೆಚ್ಚೋ ಅವರಿಗಾಗಿ; ಯಾರಿಗೆ ಹೊತ್ತೇ ಸಾಲದೋ ಅವರಿಗಾಗಿ ಅಲ್ಲ.

2025ರ ಜೂನ್ 6ರಂದು ಅಮೆರಿಕದ ಅಧ್ಯಕ್ಷರು ಅರ್ಧ ಶತಮಾನದ ಆ ನಿಷೇಧವನ್ನು ತೆಗೆಯಬೇಕೆಂದು ಆಜ್ಞೆ ಹೊರಡಿಸಿದರು. ಸದ್ದು ನೆಲ ಮುಟ್ಟದ ಹಾಗೆ ಹಾರುವ ಹೊಸ ವಿಮಾನಗಳ ಮಾತು ಪತ್ರಿಕೆಗಳಲ್ಲಿ ಬಂತು. ಮೂರು ದಿನ ಕಳೆದು, ಜೂನ್ 9ರ ಸೋಮವಾರ ಬೆಳಗ್ಗೆ, ನಮ್ಮ ಮುಂಬ್ರಾ ಸ್ಟೇಷನ್ನಿನ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಸಾಗಿದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಯ ಮೇಲೆ ಬಿದ್ದರು. ನಾಲ್ವರು ಅಂದೇ ತೀರಿಹೋದರು.

ಮುಂದಿನ ಗಾಡಿಗೆ ಕಾಯಬಾರದಿತ್ತೇ ಎಂದು ಅಂದು ಬಹಳ ಮಂದಿ ಅಂದರು. ನಾವೂ ಅಂದೆವು. ಕಾಯಬಹುದಿತ್ತು, ಮುಂದಿನದೂ ಹಾಗೆಯೇ ತುಂಬಿ ಬಾರದಿದ್ದರೆ; ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹಿಡಿಯದ ಯಜಮಾನನಿದ್ದರೆ. ನಮ್ಮ ಪಕ್ಕದ ಮನೆಯ ಹುಡುಗನಿಗೆ ಅಂಥ ಯಜಮಾನನಿಲ್ಲ. ಆ ಸೋಮವಾರ ಅವನು ಮನೆಗೆ ಫೋನು ಮಾಡುವ ತನಕ ಅವನ ತಾಯಿ ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಮಂಗಳವಾರ ಬೆಳಗ್ಗೆ ಅವನು ಎಂದಿನ ಗಾಡಿಗೇ ಹೋದ. ಐದು ನಿಮಿಷ ಮುಂಚೆ ಹೊರಟಿದ್ದ, ಅಷ್ಟೆ.